ಸಂಬಳ ಏರಿದ ವರ್ಷವೇ ಕೈ ಬರಿದಾಗಿದ್ದು ಹೇಗೆ?

ಪಾಳಿಯವನು

ಎಲ್ಲರಿಗೂ ನಮಸ್ಕಾರ. ರಟ್ಟಿನ ಪೆಟ್ಟಿಗೆ ತಯಾರಿಸುವ ಘಟಕವೊಂದರಲ್ಲಿ ಹನ್ನೊಂದು ವರ್ಷಗಳಿಂದ ಪಾಳಿ ಕೆಲಸ ಮಾಡುತ್ತಿದ್ದೇನೆ. ಕಳೆದ ವರ್ಷದ ಆರಂಭದಲ್ಲಿ ನಮ್ಮ ಸಂಬಳ ಶೇಕಡಾ 6ರಷ್ಟು ಏರಿತು. ವರ್ಷ ಮುಗಿದ ಮೇಲೆ ಪ್ರಕಟವಾದ ಬೆಲೆಯೇರಿಕೆಯೂ ಶೇಕಡಾ 6. ಅಲ್ಲಿಗೆ ಸರಿಗೆ ಸರಿ ಆಗಬೇಕಿತ್ತು. ಆದರೆ ವರ್ಷದ ಕೊನೆಯ ಮೂರು ತಿಂಗಳು 22ನೇ ತಾರೀಖು ಬರುವಷ್ಟರಲ್ಲಿ ಕೈಯಲ್ಲಿ ಏನೂ ಇರಲಿಲ್ಲ. ನಾನೂ ನನ್ನ ಹೆಂಡತಿಯೂ ಎರಡು ರಾತ್ರಿ ಕುಳಿತು ಎಲ್ಲ ಖರ್ಚನ್ನೂ ಬರೆದು ನೋಡಿದೆವು. ದುಂದು ಎನ್ನುವಂಥದ್ದು ಒಂದೂ ಸಿಗಲಿಲ್ಲ. ಹೊಸ ಸಾಲ ಮಾಡಿಲ್ಲ, ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲ. ಹಾಗಾದರೆ ಹಣ ಹೋಗಿದ್ದೆಲ್ಲಿಗೆ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ಸಮಾಧಾನದ ಮಾತು ಬೇಡ, ಲೆಕ್ಕ ಬೇಕು.

ಮನೆವಾರ್ತೆ

ಪಾಳಿಯವರೇ, ಪ್ರಕಟವಾಗುವ ಶೇಕಡಾ 6 ನಿಮ್ಮ ಮನೆಯ ಸಂಖ್ಯೆಯಲ್ಲ. ಅದು ಎಲ್ಲರ ಖರ್ಚನ್ನೂ ಒಟ್ಟುಗೂಡಿಸಿ ತೆಗೆದ ಸರಾಸರಿ. ಅದರಲ್ಲಿ ವಿಮಾನ ಪ್ರಯಾಣವೂ ಇರುತ್ತದೆ, ಪೀಠೋಪಕರಣವೂ ಇರುತ್ತದೆ. ನೀವು ತಿಂಗಳು ತಿಂಗಳು ಕೊಳ್ಳುವುದು ಆಹಾರ, ಇಂಧನ, ಬಾಡಿಗೆ, ಮಕ್ಕಳ ಓದು, ಔಷಧಿ. ಈ ಐದರ ಬೆಲೆ ಶೇಕಡಾ 9 ಏರಿ, ದೂರದರ್ಶನ ಪೆಟ್ಟಿಗೆಯ ಬೆಲೆ ಇಳಿದರೆ ಸರಾಸರಿ ತಣ್ಣಗೆ ಕಾಣುತ್ತದೆ. ಆದರೆ ದೂರದರ್ಶನವನ್ನು ತಿಂಗಳಿಗೊಮ್ಮೆ ಯಾರು ಕೊಳ್ಳುತ್ತಾರೆ?

ಇದು ಹೊಸ ಸಂಗತಿಯೇನಲ್ಲ. ಜರ್ಮನಿಯ ಅಂಕಿಅಂಶ ತಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂ ದೇಶದ ಕಾರ್ಮಿಕ ಕುಟುಂಬಗಳ ಖರ್ಚಿನ ಪಟ್ಟಿಗಳನ್ನು ಪರಿಶೀಲಿಸಿ ಹೇಳಿದ್ದು ಇದನ್ನೇ: ಆದಾಯ ಕಡಿಮೆ ಇದ್ದಷ್ಟೂ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಹೆಚ್ಚು. ಹಾಗಾಗಿ ಆಹಾರದ ಬೆಲೆ ಏರಿದಾಗ ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ಇರುವ ಎರಡು ಮನೆಗಳಿಗೆ ಎರಡು ಬೇರೆ ಬೇರೆ ಹಣದುಬ್ಬರ ತಟ್ಟುತ್ತದೆ. ನಾನು ಆರು ವರ್ಷಗಳಿಂದ ನಮ್ಮ ಮನೆಯ ಬೆಲೆಯೇರಿಕೆಯನ್ನು ನಾನೇ ಬರೆದಿಡುತ್ತಿದ್ದೇನೆ. ಒಂದು ವರ್ಷವೂ ಅದು ಪ್ರಕಟವಾದ ಸಂಖ್ಯೆಗೆ ಹೊಂದಿಲ್ಲ.

ಸಂಬಳ ವಿಭಾಗ

ಮನೆವಾರ್ತೆಯವರ ಮಾತು ನಿಜ. ಆದರೆ ನಿಮ್ಮ ಮನೆಯ ಬೆಲೆಯೇರಿಕೆ ಸರಿಯಾಗಿ ಶೇಕಡಾ 6 ಎಂದೇ ಇಟ್ಟುಕೊಂಡರೂ ನೀವು ಕಳೆದುಕೊಂಡಿದ್ದೀರಿ. ನಾನು ಹದಿನಾಲ್ಕು ವರ್ಷಗಳಿಂದ ಸಂಬಳ ಪಟ್ಟಿ ಮಾಡುವ ಕೆಲಸದಲ್ಲಿದ್ದೇನೆ. ಬಹುಪಾಲು ಜನರ ಕಣ್ಣಿಗೆ ಬೀಳದ ಒಂದು ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ.

ಬೆಲೆ ಏರುವುದು ಪ್ರತಿ ವಾರ. ಸಂಬಳ ಏರುವುದು ವರ್ಷಕ್ಕೊಮ್ಮೆ. ಮೊದಲ ತಿಂಗಳ ಸಂಬಳಕ್ಕೆ ಪೂರ್ತಿ ಸಾಮಾನು ಬಂತು ಎನ್ನಿ. ಎರಡನೇ ತಿಂಗಳು ಅದೇ ಸಂಬಳಕ್ಕೆ ಅರ್ಧ ಶೇಕಡಾದಷ್ಟು ಕಡಿಮೆ ಬಂತು. ಹೀಗೆಯೇ ಇಳಿಯುತ್ತಾ ಹನ್ನೆರಡನೇ ತಿಂಗಳಿಗೆ ಶೇಕಡಾ 5ಕ್ಕಿಂತ ಹೆಚ್ಚು ಕೊರತೆ. ಈ ಹನ್ನೆರಡೂ ತಿಂಗಳ ಕೊರತೆಯನ್ನು ಕೂಡಿಸಿ ನೋಡಿ, ಒಂಬತ್ತು ದಿನಗಳ ಸಂಬಳಕ್ಕೂ ಹೆಚ್ಚಾಗುತ್ತದೆ. ಬೆಲೆಯೇರಿಕೆ ವರ್ಷಕ್ಕೆ ಶೇಕಡಾ 12 ಆದರೆ ಹದಿನೆಂಟು ದಿನ. ಮರುವರ್ಷ ಯಜಮಾನರು ಬೆಲೆಯೇರಿಕೆಗೆ ಸರಿಸಮನಾಗಿ ಸಂಬಳ ಏರಿಸಿದರೂ ಕಳೆದುಹೋದ ಆ ದಿನಗಳು ಹಿಂದಿರುಗುವುದಿಲ್ಲ. ಹೊಸ ಸಂಬಳ ಕೈಗೆ ಬಂದ ಮರುವಾರದಿಂದಲೇ ಮತ್ತೆ ಕರಗಲು ಶುರುವಾಗುತ್ತದೆ.

ಸಂಬಳ ಚೀಟಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ. ಕಡಿತ ಎಂದು ಎಲ್ಲೂ ನಮೂದಾಗದ ಕಡಿತ ಇದು.

ಪಾಳಿಯವನು

ಒಂಬತ್ತು ದಿನ! ನಾವು ಕೈಗಡ ತರಲು ಶುರುಮಾಡಿದ್ದು 22ನೇ ತಾರೀಖಿಗೆ. ಇನ್ನು ಒಂಬತ್ತು ದಿನ ಇರುವಾಗ. ಇದು ಆಕಸ್ಮಿಕವಾಗಿ ಹೊಂದಿಕೊಂಡಿದೆ ಎಂದು ಗೊತ್ತಿದೆ, ನೀವು ಹೇಳಿದ್ದು ಇಡೀ ವರ್ಷದ ಮೊತ್ತ. ಆದರೂ ಓದಿದಾಗ ಎದೆ ಧಸಕ್ಕೆಂದಿತು.

ಕಿರು ಉಳಿತಾಯ

ಎಲ್ಲರ ಮಾತೂ ಸರಿ ಇರಬಹುದು. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ನಾನು ಸಂಬಳ ಬಂದ ದಿನವೇ ಹತ್ತನೇ ಒಂದು ಭಾಗವನ್ನು ತೆಗೆದಿಟ್ಟು ಉಳಿದದ್ದರಲ್ಲಿ ಬದುಕುತ್ತೇನೆ. ಬೆಲೆ, ಬಡ್ಡಿ, ಸರ್ಕಾರ ಯಾವುದೂ ನಮ್ಮ ಕೈಯಲ್ಲಿಲ್ಲ. ನಮ್ಮ ಖರ್ಚು ಮಾತ್ರ ನಮ್ಮ ಕೈಯಲ್ಲಿದೆ.

ಮನೆವಾರ್ತೆ

ನಿಮ್ಮ ಶಿಸ್ತಿಗೆ ಗೌರವವಿದೆ. ಆದರೆ ಪಾಳಿಯವರು ಕಾಲು ಚಾಚಿಲ್ಲ, ಹಾಸಿಗೆ ಮೋಟಾಗಿದೆ. ಬಾಡಿಗೆ, ಕಂತು, ಶುಲ್ಕ ಇವು ಮೂರೂ ಕಳೆದ ಮೇಲೆ ಉಳಿಯುವುದು ಸಂಬಳದ ಅರ್ಧ. ಬೆಲೆಯೇರಿಕೆಯ ಪೆಟ್ಟೆಲ್ಲ ಆ ಅರ್ಧದ ಮೇಲೆಯೇ ಬೀಳುತ್ತದೆ. ಅಲ್ಲಿ ಕಡಿಮೆ ಮಾಡುವುದೆಂದರೆ ಮೊದಲು ಹೋಗುವುದು ಕಣ್ಣಿನ ಪರೀಕ್ಷೆ, ಹಲ್ಲಿನ ಚಿಕಿತ್ಸೆ. ನಮ್ಮ ಮನೆಯಲ್ಲಿ ಹಾಗೆ ಮುಂದೂಡಿದ ಹಲ್ಲು ಎರಡು ವರ್ಷಗಳ ನಂತರ ಮೂರು ಪಟ್ಟು ಖರ್ಚು ತಂದಿತು.

ಸಾಲದ ಕಂತು

ಕಂತಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಮನೆಗಾಗಿ 20 ವರ್ಷದ ಸಾಲ ಮಾಡಿದ್ದು ಶೇಕಡಾ 7ರ ಬದಲಾಗುವ ಬಡ್ಡಿಯಲ್ಲಿ. ಬಡ್ಡಿ ಏರಿದಾಗ ಸಾಲ ಕೊಟ್ಟವರು ಕಂತನ್ನು ಏರಿಸಲಿಲ್ಲ. ನನಗೆ ಸಂತೋಷವೇ ಆಯಿತು. ಬಡ್ಡಿ ಶೇಕಡಾ 9 ತಲುಪಿದ ಮೇಲೆ ವಿವರಪಟ್ಟಿ ತರಿಸಿ ನೋಡಿದರೆ ನಾನು ಕಟ್ಟುತ್ತಿದ್ದ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತಿತ್ತು, ಅಸಲು ಕದಲಿರಲಿಲ್ಲ. ಇದು ಹೇಗೆಂದು ಯಾರಾದರೂ ವಿವರಿಸುವಿರಾ?

ಸಂಬಳ ವಿಭಾಗ

ಕೂಡಲೇ ಸಾಲದ ಕಚೇರಿಗೆ ಹೋಗಿ ಮಾತನಾಡಿ. ಏಕೆ ಎಂದು ಹೇಳುತ್ತೇನೆ.

20 ವರ್ಷದ ಸಾಲ, ಶೇಕಡಾ 7 ಬಡ್ಡಿ. ಆರಂಭದಲ್ಲೇ ಬಡ್ಡಿ ಶೇಕಡಾ 8 ಆಗಿ, ಕಂತು ಮಾತ್ರ ಹಾಗೆಯೇ ಉಳಿದರೆ ಸಾಲ ತೀರಲು ಸುಮಾರು 24 ವರ್ಷ 8 ತಿಂಗಳು ಬೇಕು. ನಾಲ್ಕು ವರ್ಷ ಎಂಟು ತಿಂಗಳು ಹೆಚ್ಚು, ಹೇಗೋ ತಾಳಬಹುದು. ಆದರೆ ಬಡ್ಡಿ ಶೇಕಡಾ 9 ಆದರೆ? 38 ವರ್ಷ! ಮೊದಲ ಒಂದು ಶೇಕಡಾ ಐದು ವರ್ಷದೊಳಗೆ ನಿಂತರೆ, ಎರಡನೆಯದು ಹದಿಮೂರೂವರೆ ವರ್ಷ ಸೇರಿಸುತ್ತದೆ. ಅವಧಿಯನ್ನು 20 ವರ್ಷಕ್ಕೇ ಹಿಡಿದಿಡಬೇಕೆಂದರೆ ಕಂತು ಶೇಕಡಾ 16ರಷ್ಟು ಏರಬೇಕಾಗುತ್ತದೆ. ಕಂತು ಏರದಿರುವುದನ್ನು ಉಪಕಾರ ಎಂದುಕೊಳ್ಳಬೇಡಿ. ಆ ಹೊರೆ ನಿಮ್ಮ ಮುಪ್ಪಿನ ಕಾಲಕ್ಕೆ ವರ್ಗವಾಗಿರುತ್ತದೆ.

ಕೈಯಲ್ಲಿ ಎರಡು ಸಾಲಗಳಿದ್ದರೆ ಚಿಕ್ಕದನ್ನಲ್ಲ, ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸಿ. ಬಡ್ಡಿದರ ಇಳಿದ ಸುದ್ದಿ ಬಂದಾಗ ನಿಮ್ಮ ಸಾಲದ ದರವೂ ಇಳಿದಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಏರಿಕೆ ತಾನಾಗಿ ಬರುತ್ತದೆ. ಇಳಿಕೆಯನ್ನು ಎಷ್ಟೋ ಸಲ ಕೇಳಿ ಪಡೆಯಬೇಕಾಗುತ್ತದೆ.

ಅರ್ಥಶಾಸ್ತ್ರ ಕಲಿಸುವವಳು

ಬಡ್ಡಿ ಏಕೆ ಏರುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದು ನೇರವಾಗಿ ಕೆಲಸಗಳನ್ನು ಮುಟ್ಟುತ್ತದೆ.

2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇಕಡಾ 9.1 ತಲುಪಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಶೇಕಡಾ 11.1. ಅಮೆರಿಕದ ಕೇಂದ್ರ ಬ್ಯಾಂಕು 2022ರ ಮಾರ್ಚ್‌ನಲ್ಲಿ ಸೊನ್ನೆಯ ಸಮೀಪ ಇದ್ದ ಬಡ್ಡಿದರವನ್ನು 2023ರ ಜುಲೈ ಹೊತ್ತಿಗೆ ಶೇಕಡಾ 5.25ರಿಂದ 5.50ರ ಮಟ್ಟಕ್ಕೆ ಒಯ್ದಿತು. ಹೀಗೆ ಮಾಡುವುದರ ಉದ್ದೇಶ ಬೇಡಿಕೆಯನ್ನು ತಗ್ಗಿಸುವುದು. ಬೇಡಿಕೆ ತಗ್ಗುವುದೆಂದರೆ ಯಾರೋ ಮನೆ ಕಟ್ಟುವುದನ್ನು ನಿಲ್ಲಿಸುತ್ತಾರೆ, ಯಾವುದೋ ಕಾರ್ಖಾನೆ ಎರಡನೇ ಪಾಳಿಯನ್ನು ರದ್ದು ಮಾಡುತ್ತದೆ. ಪಠ್ಯದಲ್ಲಿ ಒಂದು ಗೆರೆ ಕೆಳಗಿಳಿಯುತ್ತದೆ, ಅಷ್ಟೇ. ಆ ಗೆರೆಯ ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಎಂದು ನಾನು ಪ್ರತಿ ವರ್ಷ ತರಗತಿಯಲ್ಲಿ ನಿಲ್ಲಿಸಿ ಹೇಳುತ್ತೇನೆ.

1980ರ ದಶಕದ ಆರಂಭ ಇದಕ್ಕೆ ಅತ್ಯಂತ ಕಠೋರ ಉದಾಹರಣೆ. ಪಾಲ್ ವೋಲ್ಕರ್ ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದಾಗ 1981ರಲ್ಲಿ ಬಡ್ಡಿದರ ಶೇಕಡಾ 20ರ ಸಮೀಪಕ್ಕೆ ಹೋಯಿತು. ಹಣದುಬ್ಬರ ಇಳಿಯಿತು, ನಿಜ. 1982ರ ಕೊನೆಗೆ ನಿರುದ್ಯೋಗ ಶೇಕಡಾ 10.8 ಆಯಿತು, ಅದೂ ನಿಜ. ಬೆಲೆ ಸ್ಥಿರವಾದದ್ದರ ಲಾಭ ಎಲ್ಲರಿಗೂ ಹಂಚಿಹೋಯಿತು. ಅದಕ್ಕೆ ತೆತ್ತದ್ದು ಮಾತ್ರ ಕೆಲಸ ಕಳೆದುಕೊಂಡವರು. ನಾನು ಹಣದುಬ್ಬರವನ್ನು ಹಾಗೆಯೇ ಬಿಡಬೇಕೆಂದು ಹೇಳುತ್ತಿಲ್ಲ. 1923ರಲ್ಲಿ ಜರ್ಮನಿಯಲ್ಲಿ ಕೂಲಿಯನ್ನು ದಿನಕ್ಕೊಮ್ಮೆ, ಕೆಲವೆಡೆ ಎರಡು ಸಲವೂ ಕೊಡಬೇಕಾಗಿ ಬಂದಿತ್ತು. ಬೆಳಗಿನ ಹಣಕ್ಕೆ ಸಂಜೆ ಬೆಲೆ ಇರಲಿಲ್ಲ. ಅದರಲ್ಲೂ ಮೊದಲು ನುಗ್ಗಾದದ್ದು ಕೂಲಿಯನ್ನೇ ನಂಬಿದ್ದವರು, ಜೊತೆಗೆ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದವರು.

ಬಿಡುವಾದವನು

ಗೆರೆಯ ತುದಿಯ ಮನುಷ್ಯ ಎಂದಿರಿ. ನಾನೇ ಅವನು.

ನಮ್ಮ ಘಟಕ ಮುಚ್ಚಿ ಹದಿನಾರು ತಿಂಗಳಾಯಿತು. ಈಗ ವಾರಕ್ಕೆ ಒಂದು ದಿನ, ಒಮ್ಮೊಮ್ಮೆ ಎರಡು ದಿನ ಸರಕು ಇಳಿಸುವ ಕೆಲಸ ಸಿಗುತ್ತದೆ. ನಿರುದ್ಯೋಗ ಕಡಿಮೆಯಾಗಿದೆ ಎಂದು ಪತ್ರಿಕೆಯಲ್ಲಿ ಬಂದಾಗ ಹೆಂಡತಿ ಆ ಪುಟವನ್ನು ಮಡಿಸಿ ಇಡುತ್ತಾಳೆ. ನನ್ನನ್ನು ಯಾವ ಲೆಕ್ಕದಲ್ಲಿ ಹಿಡಿದಿರಬಹುದು?

ಅರ್ಥಶಾಸ್ತ್ರ ಕಲಿಸುವವಳು

ಉದ್ಯೋಗದಲ್ಲಿರುವವರ ಲೆಕ್ಕದಲ್ಲಿ. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಚೌಕಟ್ಟಿನಲ್ಲಿ, ಸಮೀಕ್ಷೆಯ ವಾರದಲ್ಲಿ ಕೂಲಿಗಾಗಿ ಒಂದು ಗಂಟೆ ದುಡಿದವರೂ ಉದ್ಯೋಗಿಗಳೇ. ನಿರುದ್ಯೋಗಿ ಎನಿಸಿಕೊಳ್ಳಬೇಕಾದರೆ ಕೆಲಸ ಇರಬಾರದು, ಕೆಲಸಕ್ಕೆ ಸಿದ್ಧರಿರಬೇಕು, ಇತ್ತೀಚೆಗೆ ಹುಡುಕಿಯೂ ಇರಬೇಕು. ಹುಡುಕಿ ಹುಡುಕಿ ಸೋತು ನಿಲ್ಲಿಸಿದವರು ಆ ಪಟ್ಟಿಯಿಂದಲೇ ಹೊರಗೆ. ದೇಶಗಳ ನಡುವೆ ಹೋಲಿಕೆ ಮಾಡಲು ಇಂಥ ಒಂದು ಅಳತೆ ಬೇಕು ಎಂಬುದು ಸರಿ. ಆದರೆ ಅದೊಂದನ್ನೇ ನೋಡಿ ಎಲ್ಲವೂ ಚೆನ್ನಾಗಿದೆ ಎನ್ನುವುದು ತಪ್ಪು. ಸಾಕಷ್ಟು ಗಂಟೆ ಸಿಗದವರ ಅಳತೆ ಬೇರೆಯೇ ಇದೆ. ಸುದ್ದಿಯಲ್ಲಿ ಅದು ಬರುವುದು ಅಪರೂಪ.

ಬಿಡುವಾದವನು

ಗೊತ್ತಾಯಿತು ಮೇಡಂ. ಹಣಕ್ಕಿಂತ ಹೆಚ್ಚಾಗಿ ಇನ್ನೊಂದು ಕಾಡುತ್ತದೆ. ಸಮಯ ರಾಶಿ ಬಿದ್ದಿದೆ, ಏನೂ ಮಾಡಲಾಗುತ್ತಿಲ್ಲ. ಮೊದಲು ಎರಡು ಪಾಳಿಯ ನಡುವೆ ಪುಸ್ತಕ ಓದುತ್ತಿದ್ದವನು ಈಗ ಒಂದು ಪುಟ ದಾಟುವುದಿಲ್ಲ. ಸೋಮಾರಿಯಾದೆನೇ ಎಂದು ನನ್ನ ಮೇಲೆ ನನಗೇ ಅನುಮಾನ.

ಹಳೆಯ ಸಂಘಟಕ

ತಮ್ಮಾ, ಸೋಮಾರಿತನ ಅಲ್ಲ ಅದು. ಇದನ್ನು ತೊಂಬತ್ತು ವರ್ಷಗಳ ಹಿಂದೆಯೇ ಕಣ್ಣಾರೆ ಕಂಡು ಬರೆದಿಟ್ಟವರಿದ್ದಾರೆ. ಆಸ್ಟ್ರಿಯಾದಲ್ಲಿ ವಿಯೆನ್ನಾ ನಗರದ ಹತ್ತಿರ ಮಾರಿಯೆಂಥಾಲ್ ಎಂಬ ಊರು. ಇಡೀ ಊರು ಒಂದೇ ಜವಳಿ ಗಿರಣಿಯನ್ನು ನೆಚ್ಚಿಕೊಂಡಿತ್ತು. ಮಹಾ ಆರ್ಥಿಕ ಕುಸಿತದ ಹೊತ್ತಿನಲ್ಲಿ ಗಿರಣಿ ಮುಚ್ಚಿತು. ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಮತ್ತು ಅವರ ಸಂಗಡಿಗರು ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ದಾಖಲಿಸಿದರು. 1933ರಲ್ಲಿ ಅದು ಪ್ರಕಟವಾಯಿತು. ಜನರಿಗೆ ಬೇಕಾದಷ್ಟು ಸಮಯ ಇತ್ತು, ಆದರೆ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವನ್ನು ಸಹ ಅವರು ಅಳೆದರು. ಮೆಲ್ಲಗೆ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರು ಹಾಗಲ್ಲ, ಮನೆಗೆಲಸ ಅವರನ್ನು ನಿಲ್ಲಲು ಬಿಡುತ್ತಿರಲಿಲ್ಲ. ಕೆಲಸ ಹೋದಾಗ ಕೂಲಿಯ ಜೊತೆಗೆ ದಿನದ ಅಚ್ಚುಕಟ್ಟೂ ಹೋಗುತ್ತದೆ. ನಿನ್ನ ಮೇಲೆ ನೀನು ಅನುಮಾನ ಪಡಬೇಡ.

ಇನ್ನೊಂದು ಮಾತು. ಹೊಸ ಕೆಲಸ ಸಿಕ್ಕ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರನ್ನು ನಂಬಬೇಡ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ದೀರ್ಘಕಾಲ ಒಂದೇ ಕಡೆ ದುಡಿದು ಕೆಲಸ ಕಳೆದುಕೊಂಡವರ ಆದಾಯವನ್ನು ಹಿಂಬಾಲಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಐದಾರು ವರ್ಷ ಕಳೆದ ಮೇಲೂ ಅವರ ಗಳಿಕೆ ಮೊದಲಿಗಿಂತ ಕಾಲು ಭಾಗದಷ್ಟು ಕಡಿಮೆ ಇತ್ತು. ಇದನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಮನೆಯ ಲೆಕ್ಕವನ್ನು ಹಳೆಯ ಸಂಬಳದ ಮೇಲೆ ಕಟ್ಟಬೇಡ ಎನ್ನುವುದಕ್ಕಾಗಿ ಹೇಳುತ್ತಿದ್ದೇನೆ.

ಎಂಟು ಜನರ ಘಟಕ

ನಾನು ಇನ್ನೊಂದು ಕಡೆಯವನು. ನನ್ನಲ್ಲಿ ಎಂಟು ಮಂದಿ ಕೆಲಸ ಮಾಡುತ್ತಾರೆ. ನಾನು ಬಿಡಿಭಾಗಗಳನ್ನು ಕೊಡುವ ದೊಡ್ಡ ಕಂಪನಿ 90 ದಿನಗಳ ನಂತರ ಹಣ ಕೊಡುತ್ತದೆ. ಕಚ್ಚಾ ಸಾಮಗ್ರಿಗೆ ನಾನು ಮುಂಗಡ ಕೊಡಬೇಕು, ಸಂಬಳ ತಿಂಗಳ ಮೊದಲ ವಾರ ಕೊಡಬೇಕು. ನಡುವಿನ ಮೂರು ತಿಂಗಳಿಗೆ ಸಾಲ, ಸಾಲಕ್ಕೆ ಏರಿದ ಬಡ್ಡಿ. ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ. ಸಂಬಳ ಏರಿಸಲು ಮನಸ್ಸಿಲ್ಲ ಎಂದಲ್ಲ. ಏರಿಸಿದರೆ ಎಂಟರಲ್ಲಿ ಒಬ್ಬರನ್ನು ಕಳುಹಿಸಬೇಕಾಗುತ್ತದೆ ಎಂಬ ಭಯ.

ಹಳೆಯ ಸಂಘಟಕ

ನಿಮ್ಮ ಭಯ ಸುಳ್ಳಲ್ಲ, ಸ್ವಾಮಿ. ಆದರೆ ಕೂಲಿ ಏರಿದರೆ ಕೆಲಸ ಹೋಗಿಯೇ ತೀರುತ್ತದೆ ಎಂಬುದು ನಿಯಮವಲ್ಲ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ಕನಿಷ್ಠ ಕೂಲಿಯನ್ನು ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಎರಡೂ ಕಡೆಯ ಉಪಾಹಾರ ಮಳಿಗೆಗಳನ್ನು ಹೋಲಿಸಿ, ಏರಿಕೆಯಿಂದ ಕೆಲಸಗಳು ಕಡಿಮೆಯಾಗಿಲ್ಲ ಎಂದು 1994ರಲ್ಲಿ ತೋರಿಸಿದರು. ಅದರ ಮೇಲೆ ವಾದವಿವಾದ ಇನ್ನೂ ನಡೆಯುತ್ತಿದೆ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ನಿಮ್ಮ ಬರಹದಲ್ಲಿ ನನ್ನನ್ನು ತಟ್ಟಿದ್ದು ಆ 90 ದಿನ. ದೊಡ್ಡವರು ತಾವು ಕಾಯುವ ಬದಲು ನಿಮ್ಮನ್ನು ಕಾಯಿಸುತ್ತಾರೆ. ನೀವು ನಿಮ್ಮ ಎಂಟು ಜನರನ್ನು ವರ್ಷವಿಡೀ ಕಾಯಿಸುತ್ತೀರಿ. ಅವರು ಮನೆಯಲ್ಲಿ ಮಕ್ಕಳ ಶುಲ್ಕವನ್ನು ಕಾಯಿಸುತ್ತಾರೆ. ಈ ಇಡೀ ಚರ್ಚೆಯ ತಿರುಳು ನನ್ನ ಮಟ್ಟಿಗೆ ಇಷ್ಟೇ: ಬೆಲೆ ಏರುವುದಕ್ಕೂ ಹಣ ಕೈಸೇರುವುದಕ್ಕೂ ನಡುವೆ ಇರುವ ದಿನಗಳನ್ನು ಯಾರು ಹೊರುತ್ತಾರೆ? ಬಲ ಇದ್ದವರು ಅದನ್ನು ಕೆಳಕ್ಕೆ ದಾಟಿಸುತ್ತಾರೆ. ದಾಟಿಸಲು ಕೆಳಗೆ ಯಾರೂ ಇಲ್ಲದವರ ಹೆಗಲ ಮೇಲೆ ಅದು ನಿಲ್ಲುತ್ತದೆ.

ಆ ದಿನಗಳನ್ನು ಕಡಿಮೆ ಮಾಡಲು ದಾರಿಗಳಿವೆ. 1948ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯೂ ವಾಹನ ಕಾರ್ಮಿಕರ ಸಂಘವೂ ಮಾಡಿಕೊಂಡ ಒಪ್ಪಂದದಲ್ಲಿ ಜೀವನವೆಚ್ಚ ಏರಿದಂತೆ ಕೂಲಿಯೂ ಏರುವ ಷರತ್ತು ಸೇರಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ತುಟ್ಟಿಭತ್ಯೆ. ಬೆಲ್ಜಿಯಂನಲ್ಲಿ ಇಂದಿಗೂ ಬೆಲೆ ಸೂಚ್ಯಂಕಕ್ಕೆ ಸಂಬಳವನ್ನು ಕಟ್ಟಿಹಾಕಿದ್ದಾರೆ. ಬೇಡಿಕೆ ಕುಸಿದಾಗ ಜನರನ್ನು ಕಳುಹಿಸುವ ಬದಲು ಗಂಟೆಗಳನ್ನು ಕಡಿಮೆ ಮಾಡಿ, ಕಳೆದುಹೋದ ಕೂಲಿಯ ಒಂದು ಭಾಗವನ್ನು ಸರ್ಕಾರದ ಕಡೆಯಿಂದ ತುಂಬಿಕೊಡುವ ಕ್ರಮ ಜರ್ಮನಿಯಲ್ಲಿದೆ. 2009ರಲ್ಲಿ ಆ ದೇಶದ ಒಟ್ಟು ಉತ್ಪನ್ನ ಶೇಕಡಾ 5ಕ್ಕಿಂತ ಹೆಚ್ಚು ಕುಸಿದರೂ ನಿರುದ್ಯೋಗ ಅಷ್ಟಾಗಿ ಏರಲಿಲ್ಲ. ಆ ವರ್ಷ ಒಂದು ಹಂತದಲ್ಲಿ ಸುಮಾರು 15 ಲಕ್ಷ ಜನ ಹೀಗೆ ಅರೆಪಾಳಿಯಲ್ಲಿದ್ದರು. ಕೆಲಸ ಗೊತ್ತಿರುವ ಕೈಗಳು ಕಾರ್ಖಾನೆಯಲ್ಲೇ ಉಳಿದವು.

ಸಂಬಳ ವಿಭಾಗ

ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಎಲ್ಲ ರಕ್ಷಣೆಗಳೂ ಸಂಬಳ ಪಟ್ಟಿಯಲ್ಲಿ ಹೆಸರಿರುವವರಿಗೆ. ಜಗತ್ತಿನ ದುಡಿಯುವವರಲ್ಲಿ ಶೇಕಡಾ 61ರಷ್ಟು ಮಂದಿ, ಅಂದರೆ 200 ಕೋಟಿ ಜನ, ಅಸಂಘಟಿತ ದುಡಿಮೆಯಲ್ಲಿದ್ದಾರೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಅಂದಾಜಿಸಿತು. 2020ರಲ್ಲಿ ಜಗತ್ತಿನ ಒಟ್ಟು ದುಡಿಮೆಯ ಗಂಟೆಗಳಲ್ಲಿ ಶೇಕಡಾ 8.8ರಷ್ಟು ನಷ್ಟವಾಯಿತು, ಅದು 25.5 ಕೋಟಿ ಪೂರ್ಣಾವಧಿ ಕೆಲಸಗಳಿಗೆ ಸಮ ಎಂದೂ ಅದೇ ಸಂಸ್ಥೆ ಲೆಕ್ಕ ಹಾಕಿತು. ಪಟ್ಟಿಯ ಹೊರಗಿರುವವರಿಗೆ ಅರೆಪಾಳಿಯೂ ಇಲ್ಲ, ಭತ್ಯೆಯೂ ಇಲ್ಲ.

ಕಿರು ಉಳಿತಾಯ

ಮೊದಲು ಬರೆದಾಗ ನನಗೆ ಇಷ್ಟು ಹೊಳೆದಿರಲಿಲ್ಲ. ಉಳಿತಾಯದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಅಣ್ಣನ ಕೆಲಸ ಹೋದಾಗ ನಾಲ್ಕು ತಿಂಗಳು ಎರಡೂ ಮನೆ ನಡೆದದ್ದು ಆ ಹತ್ತನೇ ಒಂದು ಭಾಗದಿಂದಲೇ. ಆದರೆ ಉಳಿಸಲಾಗದವರಿಗೆ ಶಿಸ್ತಿಲ್ಲ ಎಂಬಂತೆ ಬರೆದದ್ದು ತಪ್ಪು. ಪಾಳಿಯವರೇ, ಕ್ಷಮಿಸಿ.

ಅರ್ಥಶಾಸ್ತ್ರ ಕಲಿಸುವವಳು

ನೀವು ಉಳಿಸಿದ್ದು ಒಳ್ಳೆಯದೇ ಆಯಿತು. ಒಂದು ಮಾತು ಮಾತ್ರ: ಕುಸಿತದ ಕಾಲದಲ್ಲಿ ಎಲ್ಲರೂ ಒಟ್ಟಿಗೆ ಕೈ ಬಿಗಿಹಿಡಿದರೆ ಅಂಗಡಿಗಳ ವ್ಯಾಪಾರ ಇಳಿದು, ಉಳಿಸುವವರ ಆದಾಯವೇ ಇಳಿಯಬಹುದು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಇದನ್ನು ವಾದಿಸಿದರು. ಒಂದು ಮನೆಗೆ ಸರಿಯಾದದ್ದು ಎಲ್ಲ ಮನೆಗಳಿಗೂ ಒಂದೇ ಸಲ ಸರಿಯಾಗಬೇಕೆಂದಿಲ್ಲ. ಅದಕ್ಕಾಗಿಯೇ ಅಂಥ ಹೊತ್ತಿನಲ್ಲಿ ಸರ್ಕಾರ ಖರ್ಚು ಮಾಡಬೇಕು ಎನ್ನುವುದು.

ಎಂಟು ಜನರ ಘಟಕ

ಸಂಘಟಕರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಸೂಚ್ಯಂಕಕ್ಕೆ ಕಟ್ಟುವ ಶಕ್ತಿ ನನಗಿಲ್ಲ. ಆದರೆ ವರ್ಷಕ್ಕೊಮ್ಮೆ ಕೊಡುವ ಏರಿಕೆಯನ್ನು ಎರಡು ಭಾಗ ಮಾಡಿ ಆರು ತಿಂಗಳಿಗೊಮ್ಮೆ ಕೊಟ್ಟರೆ ಏನಾದರೂ ಪ್ರಯೋಜನ ಇದೆಯೇ?

ಸಂಬಳ ವಿಭಾಗ

ಮೊದಲ ಭಾಗವನ್ನು ವರ್ಷದ ಕೊನೆಗಿಂತ ಮುಂಚೆ, ನಡುವಿನಲ್ಲೇ ಕೊಟ್ಟರೆ ಖಂಡಿತ ಇದೆ. ಬೆಲೆಯೇರಿಕೆ ಶೇಕಡಾ 6 ಇದ್ದಾಗ ಒಂಬತ್ತು ದಿನಗಳ ನಷ್ಟ ನಾಲ್ಕು ದಿನಗಳ ಆಸುಪಾಸಿಗೆ ಇಳಿಯುತ್ತದೆ. ಮೊದಲ ಭಾಗವನ್ನು ತಡಮಾಡಿದರೆ ಮಾತ್ರ ಲಾಭವೆಲ್ಲ ಹೋಗುತ್ತದೆ.

ಪಾಳಿಯವನು

ಮೂರು ದಿನಗಳ ನಂತರ ಬರೆಯುತ್ತಿದ್ದೇನೆ. ಸಂಬಳ ವಿಭಾಗದವರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಪಾಳಿಯಲ್ಲಿ ಎಲ್ಲರಿಗೂ ತೋರಿಸಿದೆ. ಹನ್ನೆರಡು ತಿಂಗಳು, ಪ್ರತಿ ತಿಂಗಳ ಕೊರತೆ, ಕೆಳಗೆ ಮೊತ್ತ. ಎಲ್ಲರೂ ತಂತಮ್ಮ ಸಂಬಳ ಚೀಟಿ ತೆಗೆದು ನೋಡಿದರು. ಸೋಮವಾರ ಆಡಳಿತದವರ ಜೊತೆ ಮಾತುಕತೆ ಇದೆ. ಆರು ತಿಂಗಳಿಗೊಮ್ಮೆ ಪರಿಷ್ಕರಣೆ ಮಾಡಿ ಎಂದು ಕೇಳುತ್ತೇವೆ.

ಬಿಡುವಾದವನು

ಒಳ್ಳೆಯದಾಗಲಿ ಅಣ್ಣಾ. ನಿಮ್ಮಲ್ಲಿ ಹೊರಗುತ್ತಿಗೆಯವರು ಇದ್ದಾರೆಯೇ? ನಮ್ಮಲ್ಲಿ ಮಾತುಕತೆ ನಡೆದಾಗಲೆಲ್ಲ ಅವರು ಗೇಟಿನ ಹೊರಗೆ ನಿಂತಿರುತ್ತಿದ್ದರು. ಮುಚ್ಚುವಾಗಲೂ ಮೊದಲು ಹೋದವರು ಅವರೇ.

ಪಾಳಿಯವನು

ಹನ್ನೊಂದು ಮಂದಿ ಇದ್ದಾರೆ. ನಾವು ಬರೆದ ಮನವಿಯಲ್ಲಿ ಅವರ ಹೆಸರಿರಲಿಲ್ಲ. ಇಂದು ರಾತ್ರಿ ಪಾಳಿಯಲ್ಲಿ ಅವರನ್ನು ಕೂರಿಸಿಕೊಂಡು ಮೊದಲಿನಿಂದ ಬರೆಯುತ್ತೇವೆ.